ಬಾಮೈದನ ಸಬ್‌ಮರೀನಿಗೆ ನಾನು ಹೊಡೆದ ರಿವೆಟ್ಟು

ನನಗೆ ಚಿತ್ರಕಲೆ ಬರುತ್ತದೆ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಬೇರೆ ಯಾರೂ ಹೇಳುತ್ತಿಲ್ಲ. ಹೈಸ್ಕೂಲಿನಲ್ಲಿ ನಾನು ಬರೆದ ಹಂಸದ ಚಿತ್ರಕ್ಕೆ ಎರಡನೇ ಬಹುಮಾನ ಬಂದಿತ್ತು. ಬಹುಮಾನ ಕೊಟ್ಟವರು ಅದನ್ನು ಹೂಜಿ ಅಂದುಕೊಂಡಿದ್ದರು, ಆ ಮಾತು ಬೇರೆ. ಆಮೇಲೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದೆ, ರಾಜಾಜಿನಗರದಲ್ಲಿ ಬಾಡಿಗೆ ಮನೆ ಹಿಡಿದೆ, ಗಿರಿಜೆಯನ್ನು ಮದುವೆಯಾದೆ, ಕಲೆಯನ್ನು ಎದೆಯೊಳಗೇ ಅದುಮಿಟ್ಟುಕೊಂಡೆ. ಅದು ಕೊನೆಗೂ ಹೊರಗೆ ಬಂದದ್ದು ಬಾಮೈದನ ಸಬ್‌ಮರೀನಿನ ಮೇಲೆ!

ಬಾಮೈದ ಎಂದರೆ ಗಿರಿಜೆಯ ತಮ್ಮ ರುದ್ರೇಶ. ನಮ್ಮ ಹಿಂದಿನ ಕೋಣೆಯಲ್ಲೇ ಇದ್ದುಕೊಂಡು ಹತ್ತಿರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ. ಮಾತು ಕಡಿಮೆ. ಕೈ ಮಾತ್ರ ಬಂಗಾರ! ನಿಂತುಹೋದ ಗಡಿಯಾರ, ಉರಿಯದ ಸ್ಟವ್ವು, ಕಿರುಗುಟ್ಟುವ ಹೊಲಿಗೆ ಮಿಷನ್ನು, ಯಾವುದೇ ಇರಲಿ, ಅವನ ಕೋಣೆಗೆ ಹೋಗಿ ಬಂದರೆ ಹೊಸದರಂತೆ ಕೆಲಸ ಮಾಡುತ್ತಿತ್ತು. ಅಂಥವನು ಎರಡು ವರ್ಷ ಬಿಡುವಿದ್ದಾಗಲೆಲ್ಲ ಕೂತು, ಹಿತ್ತಾಳೆ ತಗಡಿನಲ್ಲಿ ಒಂದೂವರೆ ಮೊಳ ಉದ್ದದ ಸಬ್‌ಮರೀನ್ ಮಾಡಿದ. ದಾರವಿಲ್ಲ, ತಂತಿಯಿಲ್ಲ. ಕೈಯಲ್ಲೊಂದು ಪೆಟ್ಟಿಗೆ, ಅದಕ್ಕೊಂದು ಉದ್ದನೆಯ ಏರಿಯಲ್ಲು. ಒಂದು ಗುಂಡಿ ಒತ್ತಿದರೆ ಎಡಕ್ಕೆ, ಇನ್ನೊಂದು ಒತ್ತಿದರೆ ಬಲಕ್ಕೆ. ಮೂರನೆಯದನ್ನು ಒತ್ತಿದರೆ ಪಕ್ಕದ ಎರಡು ಪುಟ್ಟ ರೆಕ್ಕೆಗಳು ಬಾಗಿ, ಮುಂದೆ ಹೋಗುತ್ತಲೇ ನೀರೊಳಗೆ ಮಾಯ! ಎಲ್ಲವೂ ರೇಡಿಯೋ ಅಲೆಯ ಮೂಲಕ. ನಮ್ಮ ಮನೆಯ ರೇಡಿಯೋದಲ್ಲಿ ಬೆಂಗಳೂರು ಕೇಂದ್ರವೇ ಸರಿಯಾಗಿ ಬರದ ಕಾಲದಲ್ಲಿ ಇವನು ಇದನ್ನು ಮಾಡಿದ್ದನೆಂದರೆ ನೀವೇ ಯೋಚಿಸಿ.

ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ಕಾರ್ಮಿಕರ ಕೈಕೆಲಸದ ಪ್ರದರ್ಶನವಿತ್ತು. ಸ್ವತಃ ಚೀಫ್ ಇಂಜಿನಿಯರ್ ಬಂದು ನೋಡುವವರಿದ್ದರು. ಅವರ ಡಿಸೈನ್ ವಿಭಾಗದಲ್ಲಿ ಒಂದು ಜಾಗ ಖಾಲಿ ಇತ್ತು. ಡಿಪ್ಲೊಮಾ ಇಲ್ಲದ ರುದ್ರೇಶ ಆ ಬಾಗಿಲು ದಾಟಬೇಕೆಂದರೆ ಅವನಿಗಿದ್ದದ್ದು ಈ ಒಂದು ದಾರಿ.

ಪ್ರದರ್ಶನಕ್ಕೆ ವಾರವಿರುವಾಗ ಅವನು ನನ್ನ ಮುಂದೆ ಒಂದು ಬಣ್ಣದ ಡಬ್ಬಿ ಇಟ್ಟು ತಲೆ ಕೆರೆದುಕೊಂಡ.

"ಭಾವ, ನಂಗೆ ಈ ವಾರ ಓವರ್‌ಟೈಮು. ತೆಳ್ಳಗೆ ಒಂದು ಕೋಟು ಬಣ್ಣ ಹೊಡೆದುಕೊಡ್ತೀರಾ? ಬೇರೆ ಏನೂ ಬೇಡ."

"ಬೇರೆ ಏನೂ ಬೇಡ" ಎಂಬ ಮಾತು ಕಲಾವಿದನ ಕಿವಿಗೆ ಬೀಳುವುದಿಲ್ಲ. ನಾನು ಸಬ್‌ಮರೀನನ್ನು ದಿಟ್ಟಿಸಿ ನೋಡಿದೆ. ನುಣ್ಣಗೆ, ಬದನೆಕಾಯಿಯ ಹಾಗಿತ್ತು. ಸೆಲೂನಿನ ಇಂಗ್ಲಿಷ್ ಪತ್ರಿಕೆಯಲ್ಲಿ ನಾನು ನಿಜವಾದ ಜಲಾಂತರ್ಗಾಮಿಯ ಚಿತ್ರ ನೋಡಿದ್ದೆ. ಅದರ ಮೈತುಂಬ ಸಾಲು ಸಾಲು ರಿವೆಟ್ಟು, ಅಂದರೆ ತಗಡು ಬಿಗಿಯುವ ಗುಂಡು ತಲೆಯ ಮೊಳೆ! ರಿವೆಟ್ಟಿಲ್ಲದ ಸಬ್‌ಮರೀನನ್ನು ಚೀಫ್ ಇಂಜಿನಿಯರ್ ಮುಂದೆ ಇಡುವುದೇ? ಮನೆತನದ ಮಾನದ ಪ್ರಶ್ನೆ!

"ಅನಿವಾರ್ಯ ಗೃಹಕೃತ್ಯದ ನಿಮಿತ್ತ" ಎಂದು ಬರೆದು ಮೂರು ದಿನ ರಜೆ ಹಾಕಿದೆ. ರಿವೆಟ್ಟಿನಂಥ ಕಾಳು ಹುಡುಕಲು ನೇರವಾಗಿ ಅಡುಗೆಮನೆಗೆ ನುಗ್ಗಿದೆ. ಸಬ್ಬಕ್ಕಿ ದಪ್ಪವಾಯಿತು. ಗಸಗಸೆ ಕಣ್ಣಿಗೇ ಕಾಣಲಿಲ್ಲ. ಸಾಸಿವೆ ಚೆನ್ನಾಗಿತ್ತು, ಆದರೆ ಅಂಟಿಸುವ ಮೊದಲೇ ಉರುಳಿ ಮಂಚದ ಕೆಳಗೆ ಹೋಗುತ್ತಿತ್ತು. ಕೊನೆಗೆ ಕೈಗೆ ಸಿಕ್ಕಿತು ನೋಡಿ, ರಾಗಿ! ಅಳತೆಗೆ ಅಳತೆ, ಆಕಾರಕ್ಕೆ ಆಕಾರ. ದೇವರು ರಾಗಿಯನ್ನು ಮುದ್ದೆಗೆಂದು ಸೃಷ್ಟಿಸಿದ್ದಾನೆ ಅನ್ನುವುದು ತಪ್ಪು ತಿಳುವಳಿಕೆ ಎಂದು ಆ ಕ್ಷಣ ನನಗೆ ಮನವರಿಕೆಯಾಯಿತು.

ಅಡಿಪಟ್ಟಿ ಇಟ್ಟು ಗೆರೆ ಎಳೆದು, ಸೂಜಿಯ ತುದಿಯಲ್ಲಿ ಅಂಟು ಹಚ್ಚಿ, ಒಂದೊಂದೇ ಕಾಳು ಕೂರಿಸಿದೆ. ಮೇಲೆ, ಕೆಳಗೆ, ರೆಕ್ಕೆಗಳ ಬುಡದ ಸುತ್ತ ಎಲ್ಲ ಕಡೆ. ಮೇಲೊಂದು ತೆಳ್ಳನೆಯ ಕೋಟು ಬಣ್ಣ ಹೊಡೆದೆ, ಅವನು ಹೇಳಿದ್ದ ಹಾಗೆಯೇ!

ಕೆಲಸದಿಂದ ಬಂದ ರುದ್ರೇಶ ನೋಡಿದ. ಹಾಗೇ ನಿಂತುಬಿಟ್ಟ.

"ಏನ್ ಭಾವ ಇದು! ನಿಜವಾದ ರಿವೆಟ್ ಥರಾನೇ ಇದೆ. ಯಾವುದರಲ್ಲಿ ಮಾಡಿದ್ರಿ?"

"ಅದು ಕಲಾವಿದನ ಗುಟ್ಟು," ಎಂದು ಮುಗುಳ್ನಕ್ಕೆ. ಆಗ ಬಾಯಿ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಶುಕ್ರವಾರ ರುದ್ರೇಶ ಎಲ್ಲಾದರೂ ಸೋರುತ್ತದೆಯೇ ಎಂದು ನೋಡಲು ಅದನ್ನು ಬೆಳಗಿನಿಂದ ಸಂಜೆಯವರೆಗೆ ಹಂಡೆಯ ನೀರಿನಲ್ಲಿ ಮುಳುಗಿಸಿಟ್ಟ. ಒಂದು ಹನಿ ಒಳಗೆ ಹೋಗಿರಲಿಲ್ಲ. ಶನಿವಾರ ಕಾರ್ಖಾನೆಯಲ್ಲಿ ನೀರಿನ ತೊಟ್ಟಿ ಸಿದ್ಧ ಮಾಡಲು ಹೋಗುವಾಗ, "ಭಾವ, ಜೋಪಾನ. ರಾತ್ರಿ ನಾನು ಅಲ್ಲೇ ಇರ್ತೀನಿ, ನಾಳೆ ನೀವೇ ತಗೊಂಬನ್ನಿ," ಎಂದ.

ಜೋಪಾನ! ಏಪ್ರಿಲ್ ತಿಂಗಳ ಧಗೆ. ಬಣ್ಣ ಬಿರುಕು ಬಿಟ್ಟರೆ? ಒಂದು ಟವೆಲ್ ಒದ್ದೆ ಮಾಡಿ ಸಬ್‌ಮರೀನಿಗೆ ಬಿಗಿಯಾಗಿ ಸುತ್ತಿದೆ. ಬುಟ್ಟಿಯಲ್ಲಿ ಮಲಗಿಸಿ, ಮೂಲೆಯಲ್ಲಿಟ್ಟು, ಆಗಾಗ ನೀರು ಚಿಮುಕಿಸುವಂತೆ ಗಿರಿಜೆಗೆ ಹೇಳಿದೆ.

"ಇದೇನ್ರೀ, ಮೊಳಕೆ ಕಟ್ಟೋ ಥರ ಕಟ್ಟಿದೀರಾ?" ಎಂದಳು.

"ನಿಂಗೇನ್ ಗೊತ್ತು ಕಣೇ ಟೆಕ್ನಿಕ್ಕು! ಹೇಳಿದಷ್ಟು ಮಾಡು."

ಪಾಪ, ಹೇಳಿದಷ್ಟೂ ಮಾಡಿದಳು.

ಭಾನುವಾರ ಬೆಳಿಗ್ಗೆ ನಾನೂ ಗಿರಿಜೆಯೂ ಬುಟ್ಟಿಯನ್ನು ಮಗುವಿನಂತೆ ಎತ್ತಿಕೊಂಡು ಕಾರ್ಖಾನೆಗೆ ಹೋದೆವು. ರುದ್ರೇಶ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ತೊಟ್ಟಿಯ ಆಚೆ ಬದಿಯಲ್ಲಿ ಪೆಟ್ಟಿಗೆ ಹಿಡಿದು ನಿಂತಿದ್ದ. ಚೀಫ್ ಇಂಜಿನಿಯರ್ ಆಗಲೇ ಬಂದಿದ್ದರು. ನಾನು ಮರೆಯಲ್ಲಿ ಟವೆಲ್ ಬಿಚ್ಚಿದೆ.

ಅಯ್ಯೋ ಶಿವನೇ! ಸಬ್‌ಮರೀನಿಗೆ ಬಿಳಿ ಗಡ್ಡ ಬಂದಿತ್ತು!

ಮೊದಲು ಬೂಷ್ಟು ಹಿಡಿದಿದೆ ಅಂದುಕೊಂಡೆ. ಕನ್ನಡಕ ಏರಿಸಿ ನೋಡಿದರೆ ನನ್ನ ರಿವೆಟ್ಟುಗಳು ಸಾಲು ಸಾಲಾಗಿ, ಗೆರೆ ತಪ್ಪದೆ, ಮೊಳಕೆ ಒಡೆದಿದ್ದವು!

"ನಾನ್ ಹೇಳ್ಲಿಲ್ವಾ?" ಎಂದಳು ಗಿರಿಜೆ ಮೆಲ್ಲಗೆ.

ಆಗಲೇ ರುದ್ರೇಶನಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ನನಗೆ ನಾಚಿಕೆ, ಅದಕ್ಕಿಂತ ಹೆಚ್ಚಾಗಿ ಹೆದರಿಕೆ. ಪಂಚೆಯ ಚುಂಗಿನಿಂದ ಬೆನ್ನಿನ ಮೇಲಿನ ಮೊಳಕೆಯನ್ನೆಲ್ಲ ಒರೆಸಿ ಹಾಕಿದೆ. "ಭಾವ, ಕೊಡಿ ಇಲ್ಲಿ," ಎಂದು ಅವನು ಆಚೆಯಿಂದ ಕೈ ಚಾಚಿದಾಗ, "ನಾನೇ ಇಳಿಸ್ತೀನಿ ಬಿಡೋ!" ಎಂದು ಅವಸರದಲ್ಲಿ ನೀರಿಗೆ ಬಿಟ್ಟುಬಿಟ್ಟೆ.

ರುದ್ರೇಶ ಗುಂಡಿ ಒತ್ತಿದ. ಸಬ್‌ಮರೀನ್ ಸೊಯ್ಯನೆ ಹೊರಟಿತು. ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು. "ತಂತಿನೇ ಇಲ್ವಲ್ಲೋ!" ಎಂದು ಜನ ಬಾಯಿ ಬಿಟ್ಟರು. ಚೀಫ್ ಇಂಜಿನಿಯರ್ ಮುಂದಕ್ಕೆ ಬಾಗಿ, "ಎಲ್ಲಿ, ಮುಳುಗಿಸು ನೋಡೋಣ," ಎಂದರು.

ರುದ್ರೇಶ ಮೂರನೆಯ ಗುಂಡಿ ಒತ್ತಿದ. ಸಬ್‌ಮರೀನ್ ಮುಳುಗಲಿಲ್ಲ.

ಮತ್ತೆ ಒತ್ತಿದ. ಅದು ಹಾಯಾಗಿ ನೀರಿನ ಮೇಲೆ ತೇಲುತ್ತ, ದಡದ ಜನರನ್ನು ನೋಡಿಕೊಂಡು ಒಂದು ಸುತ್ತು ಬಂತು. ಲೋಕದಲ್ಲಿ ಎಲ್ಲರೂ ದೋಣಿ ಮುಳುಗದಿರಲಿ ಎಂದು ಬೇಡಿಕೊಂಡರೆ, ನಾನೊಬ್ಬ ಕೈ ಮುಗಿದು "ಮುಳುಗು ತಾಯಿ, ಮುಳುಗು!" ಎಂದು ಬೇಡುತ್ತಿದ್ದೆ.

"ಇದು ಬರೀ ದೋಣಿ ಕಣ್ರೀ," ಎಂದು ಯಾರೋ ಹಿಂದಿನಿಂದ ನಕ್ಕರು. ಚೀಫ್ ಇಂಜಿನಿಯರ್ ಗಡಿಯಾರ ನೋಡಿಕೊಂಡರು. ರುದ್ರೇಶನ ಬಿಳಿ ಅಂಗಿಯ ಬೆನ್ನು ಬೆವರಿನಿಂದ ತೊಯ್ದಿತ್ತು. ಎರಡು ವರ್ಷದ ಅವನ ಕೆಲಸ ನನ್ನ ಕಣ್ಣೆದುರಿಗೇ ನಗೆಪಾಟಲಾಗುತ್ತಿತ್ತು. ಇನ್ನು ತಡೆಯಲಾಗದೆ ಓಡಿಹೋಗಿ ಅವನ ಕಿವಿಯಲ್ಲಿ ಉಸುರಿದೆ.

"ರುದ್ರೇಶ, ಅದು ರಾಗಿ ಕಣೋ."

"ಯಾವುದು ಭಾವ?"

"ರಿವೆಟ್ಟು."

ಅವನು ನನ್ನನ್ನು ಒಂದು ಕ್ಷಣ ನೋಡಿದ. ಬೇರೆ ಯಾರೇ ಆಗಿದ್ದರೂ ನನ್ನನ್ನೇ ತೊಟ್ಟಿಗೆ ನೂಕುತ್ತಿದ್ದರು. ಅವನು ಒಂದು ಕೆಟ್ಟ ಮಾತೂ ಆಡದೆ ಸಬ್‌ಮರೀನನ್ನು ದಡಕ್ಕೆ ತಂದ, ನೀರಿನಿಂದ ಎತ್ತಿ ಹೊಟ್ಟೆ ಮೇಲಾಗಿ ತಿರುಗಿಸಿದ. ಕೆಳಗಡೆ ಪೈರು ಸೊಂಪಾಗಿತ್ತು!

"ಏನಪ್ಪಾ ತೊಂದರೆ?" ಎಂದು ಚೀಫ್ ಇಂಜಿನಿಯರ್ ಕೇಳಿದರು.

ಏನಾದರೂ ಸುಳ್ಳು ಹೇಳಲಿ ದೇವರೇ ಎಂದು ನಾನು ಕಣ್ಣು ಮುಚ್ಚಿದೆ.

"ರಿವೆಟ್ಟು ಮೊಳಕೆ ಬಂದಿದೆ ಸಾರ್," ಎಂದ ರುದ್ರೇಶ.

ಚೀಫ್ ಇಂಜಿನಿಯರ್ ಬಗ್ಗಿ ಆ ಪೈರನ್ನೇ ನೋಡಿದರು.

"ನನ್ನ ಸರ್ವಿಸಿನಲ್ಲಿ ರಿವೆಟ್ಟು ಸಡಿಲ ಆಗಿರೋದು ನೋಡಿದೀನಿ, ತುಕ್ಕು ಹಿಡಿದಿರೋದು ನೋಡಿದೀನಿ," ಎಂದರು ಅವರು. "ಮೊಳಕೆ ಬಂದಿರೋದು ಇದೇ ಮೊದಲು ನೋಡಪ್ಪ!"

"ರಾಗಿ ಸಾರ್. ನೀರು ಕುಡಿದು ಊದಿಕೊಂಡು ರೆಕ್ಕೆಯ ಬುಡ ಹಿಡ್ಕೊಂಡಿದೆ. ಬೇರೂ ಒಳಗೆ ಸುತ್ತಿದೆ. ಐದು ನಿಮಿಷ ಕೊಡಿ ಸಾರ್." ಹಾಗೆಂದು ಅಕ್ಕನ ಕಡೆ ಕೈ ನೀಡಿದ. ಗಿರಿಜೆ ತಲೆಯಿಂದ ಒಂದು ಹೇರ್‌ಪಿನ್ ತೆಗೆದುಕೊಟ್ಟಳು.

ಅವನ ಕೈಕೆಲಸವನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಸುತ್ತ ಜನ ನಗುತ್ತಿದ್ದರು, ದೊಡ್ಡ ಸಾಹೇಬರು ಎದುರಿಗೇ ಇದ್ದರು. ಅವನ ಕಣ್ಣು ಮಾತ್ರ ರೆಕ್ಕೆಯ ಬುಡ ಬಿಟ್ಟು ಕದಲಲಿಲ್ಲ. ಒಂದೊಂದೇ ಬೇರನ್ನು ಪಿನ್ನಿನ ತುದಿಯಿಂದ ಬಿಡಿಸಿದ, ಊದಿದ ಕಾಳುಗಳನ್ನು ಎಬ್ಬಿಸಿ ತೆಗೆದ, ರೆಕ್ಕೆಯನ್ನು ಬೆರಳಿನಿಂದ ಮೆಲ್ಲಗೆ ಆಡಿಸಿ ಕಿವಿಯ ಹತ್ತಿರ ಹಿಡಿದು ಕೇಳಿದ. ನಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾಗಿ ಹತ್ತಿರ ಬಂದರು. ಎರಡು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಈ ಹುಡುಗನನ್ನು ಸರಿಯಾಗಿ ನೋಡಿರಲೇ ಇಲ್ಲವಲ್ಲ ಅನ್ನಿಸಿತು.

ಮತ್ತೆ ನೀರಿಗೆ ಬಿಟ್ಟ. ಗುಂಡಿ ಒತ್ತಿದ. ಮೂಗು ಬಾಗಿತು, ಬೆನ್ನು ಮರೆಯಾಯಿತು, ಕೊನೆಗೆ ಮೇಲಕ್ಕೆ ಇಣುಕುವ ಪೆರಿಸ್ಕೋಪಿನ ಕೊಳವೆಯೊಂದೇ ನೀರನ್ನು ಸೀಳುತ್ತ ಹೋಯಿತು. ಆಮೇಲೆ ಅದೂ ಇಲ್ಲ! ತೊಟ್ಟಿಯ ಆ ತುದಿಯಲ್ಲಿ, ಚೀಫ್ ಇಂಜಿನಿಯರರ ಬೂಟಿನ ಮುಂದೆಯೇ, ಮೆಲ್ಲಗೆ ಮೇಲೆದ್ದು ನಿಂತಿತು. ಚಪ್ಪಾಳೆಗೆ ಷೆಡ್ಡಿನ ತಗಡು ಅದುರಿತು.

"ಸರಿಯಾಗಿ ಓಡೋದನ್ನ ಯಾರು ಬೇಕಾದರೂ ತೋರಿಸ್ತಾರೆ," ಎಂದರು ಚೀಫ್ ಇಂಜಿನಿಯರ್. "ಕೆಟ್ಟಿದ್ದು ಯಾಕೆ ಅಂತ ನಿಜ ಹೇಳಿ, ಕಣ್ಮುಂದೇನೇ ಸರಿಮಾಡಿದೆ ನೀನು. ಸೋಮವಾರ ಡಿಸೈನ್ ಆಫೀಸಿಗೆ ಬಂದುಬಿಡು."

ಗಿರಿಜೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಳ್ಳೋಣವೆಂದು ಪಂಚೆಯ ಚುಂಗು ಎತ್ತಿದೆ. ಅದರ ತುಂಬ ಮೊಳಕೆ!

ಮನೆಗೆ ಬಂದು ಕಾಫಿ ಕುಡಿಯುವ ಹೊತ್ತಿಗೆ ನನಗೆ ಮತ್ತೆ ಧೈರ್ಯ ಬಂದಿತ್ತು. ಒಂದು ರೀತಿಯಲ್ಲಿ ನೋಡಿದರೆ, ನನ್ನ ರಾಗಿಯಿಂದಲೇ ಅಲ್ಲವೇ ಅವನಿಗೆ ಕೆಲಸ ಸಿಕ್ಕಿದ್ದು?

"ರುದ್ರೇಶ, ಇದಕ್ಕಿಂತ ದೊಡ್ಡದು ಮಾಡು. ಅಲಂಕಾರವೆಲ್ಲ ನಂದೇ!" ಎಂದೆ.

ಅವನು ಲೋಟ ಕೆಳಗಿಟ್ಟು, ಎಂದಿನ ವಿನಯದಿಂದಲೇ ಹೇಳಿದ. "ಭಾವ, ನೀವು ಹಿರಿಯರು. ದೂರದಲ್ಲಿ ನಿಂತು ಆಶೀರ್ವಾದ ಮಾಡಿದ್ರೆ ಸಾಕು."

"ಎಷ್ಟು ದೂರ ಕಣೋ?"

ರುದ್ರೇಶ ಕಣ್ಣು ಕಿರಿದು ಮಾಡಿ, ಇಂಜಿನಿಯರ್ ಥರ ಲೆಕ್ಕ ಹಾಕಿದ.

"ಕೆಂಗೇರಿಯಷ್ಟು ದೂರ ಆಗಬಹುದು ಭಾವ."

ಅಡುಗೆಮನೆಯಿಂದ ಗಿರಿಜೆ ಕೂಗಿದಳು. "ಸಾಲಲ್ಲ ಕಣೋ, ಅದಕ್ಕೂ ಆಚೆ ಬಿಡದಿ ಅನ್ನು!"