ನೂರು ವರ್ಷ ಬಾಳುವ ಗಾಡಿ

ನೀವೇ ನ್ಯಾಯ ಹೇಳಿ. ಗಂಡನಾದವನು ಬೆವರು ಸುರಿಸಿ ಮಾಡಿಸಿದ, ದೋಣಿ ಹೇರುವ ಗಾಡಿಯ ಮೇಲೆ ಹೆಂಡತಿಯಾದವಳು ಕೌದಿ ಒಣಹಾಕಬಹುದೇ? ಅದೂ ಹಿಂಡದ ಕೌದಿ! ತೊಟತೊಟನೆ ನೀರು ನೆಟ್ಟಗೆ ಚಕ್ರದ ಬೇರಿಂಗಿನ ಮೇಲೆ! ನೋಡಿದ ಕೂಡಲೇ ನನ್ನ ಪಿತ್ತ ನೆತ್ತಿಗೇರಿತು.

“ಏನ್ ಮಾಡಾಕತ್ತಿಲೇ ಸುಗಲಾ? ಗಾಡಿ ತುಕ್ಕು ಹಿಡಿತದ!”

“ಹೊಳಿಯಾಗ ಇಳಸಾಕಂತ ತಂದ ಗಾಡಿ, ಕೌದಿ ನೀರಿಗಿ ಸಾಯ್ತದೇನ್ರಿ?” ಎಂದಳು ಸುಗಲಮ್ಮ. (ಇದಕ್ಕೆ ನನ್ನಲ್ಲಿ ಉತ್ತರವಿತ್ತು. ಹೇಳಲು ಪುರುಸೊತ್ತಿರಲಿಲ್ಲ.)

ನಾವಿರುವುದು ಸುರಪುರದಲ್ಲಿ, ಮೀನು ಹಿಡಿಯುವುದು ತಿಂಥಣಿಯ ಹೊಳೆಯಲ್ಲಿ. ಹೋದ ವರ್ಷ ಹೊಳೆ ತುಂಬಿ ಬಂದಾಗ ದಂಡೆಗೆ ಕಟ್ಟಿದ್ದ ನಮ್ಮ ಹಳೆಯ ದೋಣಿ ಹೇಳದೆ ಕೇಳದೆ ಹೊರಟುಹೋಯಿತು. ಇನ್ನು ಹೊಸ ಫೈಬರ್ ದೋಣಿ ಮನೆಯ ಅಂಗಳದಲ್ಲೇ ಇರಬೇಕು, ಗಾಡಿಯ ಮೇಲೆ ಹೇರಿ ಜೀಪಿಗೆ ಕಟ್ಟಿ ಒಯ್ಯಬೇಕು ಎಂದು ಘೋರ ಪ್ರತಿಜ್ಞೆ ಮಾಡಿ, ಶಹಾಪುರದ ಉಸ್ಮಾನಸಾಬನ ವೆಲ್ಡಿಂಗ್ ಅಂಗಡಿಗೆ ಹೋದೆ.

“ಸಾದಾ ಕಬ್ಬಿಣ ಹಾಕಿ ಬಣ್ಣ ಹೊಡೀತೀನಿ ಭಾಗಣ್ಣಾ, ಭೇಷ್ ಆಗ್ತದ,” ಎಂದ ಉಸ್ಮಾನಸಾಬ.

“ಬಣ್ಣದ ಮಾತು ತೆಗೀಬ್ಯಾಡ! ತುಕ್ಕು ತಡಿಯೋ ಜಿ.ಐ. ಪೈಪೇ ಬೇಕು. ಪೈಪಿನೊಳಗ ನೀರು ನಿಂದ್ರಬಾರದು, ತಳಕ್ಕ ತೂತು ಹೊಡಿ. ದೋಣಿ ಕುಂದ್ರೋ ಜಾಗಾದಾಗ ರಬ್ಬರ್ ಹಾಕು. ಗಾಡಿ ನೂರು ವರ್ಷ ಬಾಳಬೇಕು!”

“ಗಾಡಿ ಬಾಳ್ತದ ಬಿಡು. ದೋಣಿ ಎಷ್ಟ ವರ್ಷ ಬಾಳ್ತದ?”

ಇಂಥ ತಲೆಹರಟೆಗೆಲ್ಲ ನಾನು ಬೆಲೆ ಕೊಡುವವನಲ್ಲ.

ಗಾಡಿ ಮನೆಗೆ ಬಂತು, ಹೊಸ ದೋಣಿ ಅದರ ಮೇಲೇರಿತು, ನನ್ನ ಸೇವೆ ಶುರುವಾಯಿತು. ಎದ್ದವನೇ ಚಕ್ರ ತಿರುಗಿಸಿ ಸದ್ದು ಕೇಳುವುದು, ಬೇರಿಂಗಿಗೆ ಗ್ರೀಸು ತುಂಬುವುದು, ನಟ್ಟು ಬಿಗಿಯುವುದು, ಸ್ಪ್ರಿಂಗಿನ ಪಟ್ಟಿಗೆ ಎಣ್ಣೆ ಸವರುವುದು. ಮಳೆ ಬಂದು ದೋಣಿಯಲ್ಲಿ ನೀರು ನಿಂತರೆ ಭಾರ ಯಾರ ಮೇಲೆ? ಪಾಪದ ಗಾಡಿಯ ಮೇಲೆ! ಅದಕ್ಕೇ ದೋಣಿಯ ತಳದ ರಬ್ಬರ್ ಬಿರಡೆಯನ್ನು ಕಿತ್ತು, ನೀರು ತಾನಾಗಿ ಇಳಿದುಹೋಗುವಂತೆ ಮಾಡಿದೆ.

“ನನ್ನ ಮೊಣಕಾಲಿಗಿ ಒಂದಿನಾರ ಎಣ್ಣಿ ತಿಕ್ಕೀರೇನು?” ಎಂದಳು ಸುಗಲಮ್ಮ.

“ನಿನಗೇನು ತುಕ್ಕು ಹಿಡಿತದೇನು?” ಎಂದೆ.

ಅವತ್ತು ಊಟಕ್ಕೆ ಬರೀ ರೊಟ್ಟಿ. ಸಾಲದ್ದಕ್ಕೆ ನನ್ನ ಎಣ್ಣೆ ಕ್ಯಾನಿನ ಮುಚ್ಚಳವೂ ಮಾಯ! ಎಲ್ಲಿ ಎಸೆದಳೋ ಮಹಾತಾಯಿ. ನಾನೇನು ಸೋಲುವವನೇ? ಕೈಗೆ ಸಿಕ್ಕದ್ದನ್ನು ಜಡಿದು ಕ್ಯಾನಿನ ಬಾಯಿ ಮುಚ್ಚಿದೆ.

ಇಷ್ಟೆಲ್ಲ ಒದ್ದಾಟ ಒಂದು ಮಡುವಿಗಾಗಿ. ಹೊಳೆಯಲ್ಲಿ ದೊಡ್ಡ ಬಂಡೆಯ ಪಕ್ಕ ಆಳವಾದ ಮಡುವಿದೆ, ದೊಡ್ಡ ಮೀನೆಲ್ಲ ಇರುವುದು ಅಲ್ಲೇ. ಹಂಗಾಮಿನ ಮೊದಲ ಬೆಳಗ್ಗೆ ಅಲ್ಲಿ ಯಾರು ಮೊದಲು ಬಲೆ ಬೀಸುತ್ತಾರೋ ಆ ವರ್ಷವೆಲ್ಲ ಮಡು ಅವರದು, ಇದು ನಮ್ಮವರ ಕಟ್ಟಳೆ. ಪ್ರತಿ ವರ್ಷ ಅದನ್ನು ಹೊಡೆದುಕೊಳ್ಳುವವನು ನನ್ನ ಹೆಂಡತಿಯ ತಮ್ಮ ಶಿವಶರಣ. ಅವನ ಆಸ್ತಿ ಒಂದು ಹಳೇ ಹರಿಗೋಲು. ಅದನ್ನು ತಲೆಯ ಮೇಲೆ ಕವುಚಿಕೊಂಡು ನಡೆದು ಬರುತ್ತಾನೆ. ಇಂಥವನ ಮುಂದೆ ನಾನು ಸೋಲುವುದೇ? ಈ ವರ್ಷ ಅವನ ಸೊಕ್ಕು ಮುರಿಯಲೇಬೇಕು!

ಆ ದಿನ ಬೆಳಕು ಹರಿಯುವಷ್ಟರಲ್ಲಿ ನಾನೂ ಸುಗಲಮ್ಮನೂ ದಂಡೆಯಲ್ಲಿದ್ದೆವು. ಶಿವಶರಣನ ಸುಳಿವಿಲ್ಲ. ಜೀಪನ್ನು ಹಿಂದಕ್ಕೆ ಬಿಟ್ಟು, ಗಾಡಿ ನೀರಿಗೆ ಇಳಿಯುವ ಮೊದಲು ಕೆಳಗಿಳಿದು ಚಕ್ರದ ನಡುವೆ ಕೈಯಿಟ್ಟೆ. ಚುರ್ ಎಂದಿತು.

“ಬಿಸಿ ಅದ. ಬಿಸಿ ಚಕ್ರ ತಣ್ಣೀರಿಗಿ ಇಳಿಸಿದ್ರ ಒಳಗ ನೀರು ಎಳಕೊಂತದ, ಬೇರಿಂಗ್ ಕೆಡ್ತದ. ಆರಲಿ.”

“ಅಯ್ಯ ಶಿವನೇ! ಆರಸಾಕ ಅದೇನು ಚಾ ಏನ್ರಿ? ಮಡೂನೂ ಬೇಕು, ಬೇರಿಂಗೂ ಉಳೀಬೇಕು! ಅಕ್ಕಿ ಮ್ಯಾಲ ಆಸಿ, ನೆಂಟರ ಮ್ಯಾಲ ಪ್ರೀತಿ ಅಂದಂಗಾತು!”

“ನೆಂಟರ ಹೆಸರು ಎತ್ತಬ್ಯಾಡ ನೀನು!” ಎಂದು ಗುಡುಗಿದೆ. ಅಷ್ಟರಲ್ಲಿ ದೂರದ ದಾರಿಯಲ್ಲಿ ಒಂದು ಹರಿಗೋಲು ಎರಡು ಕಾಲಿನ ಮೇಲೆ ಬರುತ್ತಿರುವುದು ಕಂಡಿತು.

ಚಕ್ರ ಆರಿತು. ಗಾಡಿ ನೀರಿಗಿಳಿಯಿತು, ಹಗ್ಗ ಬಿಚ್ಚಿದ ಕೂಡಲೇ ದೋಣಿ ನಯವಾಗಿ ಜಾರಿತು. ಜೀಪನ್ನೂ ಗಾಡಿಯನ್ನೂ ದಂಡೆಗೆಳೆದು ನಿಲ್ಲಿಸಿ, ಓಡಿಬಂದು ದೋಣಿ ಹತ್ತಿ ಹುಟ್ಟು ಹಾಕಿದೆ. ಇನ್ನೇನು ಮಡು ನನ್ನದೇ! ಅಷ್ಟರಲ್ಲಿ ಕಾಲು ತಣ್ಣಗಾಯಿತು. ನೋಡಿದರೆ ತಳದಿಂದ ಬುಳುಬುಳು ನೀರು! ನಾನು ಎರಡು ಕೈಯಲ್ಲಿ ಮೊಗೆದಷ್ಟೂ ಅದು ನಾಲ್ಕು ಕೈಯಲ್ಲಿ ಬಂತು. ದೋಣಿ ಕುಳಿತೇಬಿಟ್ಟಿತು. ನಾನು ಸೊಂಟದುದ್ದ ನೀರಿನಲ್ಲಿ ನಿಂತು ಅರಚಿದೆ.

“ಸುಗಲಾ! ದೋಣಿ ತೂತು ಮಾಡೀಯಲ್ಲೇ!”

“ತೂತು ಹುಟ್ಟಿದಾಗಿಂದ ಅದ! ಬಿರಡಿ ಎಲ್ಲಿಟ್ಟೀರಿ?”

“ನನಗೇನ್ ಕೇಳ್ತಿ? ಮನಿ ಸಾಮಾನು ನೋಡಾಕ ನಿನಗ ಆಗಂಗಿಲ್ಲೇನು?”

ಪಕ್ಕದಲ್ಲೇ ಹರಿಗೋಲು ಗಿರಕಿ ಹೊಡೆಯುತ್ತ ಬಂತು. “ಯಾಕ್ರಿ ಮಾವ, ಜಳಕೇನ್ರಿ? ನಾ ಮುಂದ ಹೋಗಿರ್ತೀನ್ರಿ,” ಎಂದ ಶಿವಶರಣ, ಬಲು ಮರ್ಯಾದೆಯಿಂದ. ಸ್ವಲ್ಪ ಹೊತ್ತಿಗೆ ಬಂಡೆಯ ಪಕ್ಕ ಅವನ ಬಲೆ ಬಿದ್ದ ಸದ್ದು ಕೇಳಿತು. ಮಡು ಹೋಯಿತು. ಒಂದು ವರ್ಷದ ಮೀನು ಹೋಯಿತು.

ತೊಯ್ದು ತೊಪ್ಪೆಯಾಗಿ ದಂಡೆಗೆ ಬಂದೆ. ಗಾಡಿ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು, ಒಂದು ನಟ್ಟೂ ಸಡಿಲವಾಗಿರಲಿಲ್ಲ. ಸುಗಲಮ್ಮ ಜೀಪಿನಲ್ಲಿ ಹುಡುಕಿ ನನ್ನ ಎಣ್ಣೆ ಕ್ಯಾನು ಹಿಡಿದು ಬಂದಳು. ಅದರ ಬಾಯಲ್ಲಿ ದೋಣಿಯ ಬಿರಡೆ ಗಟ್ಟಿಯಾಗಿ ಕುಳಿತಿತ್ತು. ಎರಡೂ ಕೈ ಹಚ್ಚಿ ಅದನ್ನು ಕಿತ್ತಳು, ಒಳಗೆ ಬಗ್ಗಿ ನೋಡಿದಳು.

“ಸುಳ್ಳ್ಯಾಕ ಹೇಳಲಿ,” ಎಂದಳು, “ಎಣ್ಣಿಯೊಳಗ ಒಂದ್ ಹನಿ ನೀರು ಹೋಗಿಲ್ಲ ನೋಡ್ರಿ.”