ಕಾಕಾನ ಐದನೆಯ ಎಲೆ

ಬಿಸ್ಕಿಟ್ ಡಬ್ಬಿಯಲ್ಲಿ ಹುಣಸೆಬೀಜ ಗಲಗಲ ಅನ್ನುವ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ತೊಂಬತ್ತರ ದಶಕದಲ್ಲಿ ಬಸವಕಲ್ಯಾಣದ ನಮ್ಮ ಪಡಸಾಲೆಯಲ್ಲಿ ಆ ಸದ್ದು ಕೇಳಿತೆಂದರೆ ಅಂದು ರವಿವಾರ, ಹುಮನಾಬಾದಿನಿಂದ ಕಾಕಾ ಬಂದಿದ್ದಾರೆ ಎಂದರ್ಥ. ಕಾಕಾ ಎಂದರೆ ನನ್ನ ಮಾವನವರ ತಮ್ಮ. ಅವರಷ್ಟು ಕೆಟ್ಟ ಪೋಕರ್ ಆಟಗಾರ ಇಡೀ ಬೀದರ್ ಜಿಲ್ಲೆಯಲ್ಲಿ ಇರಲಿಲ್ಲ. ನಮ್ಮಿಬ್ಬರನ್ನು ಬಿಟ್ಟರೆ ಜಿಲ್ಲೆಯಲ್ಲಿ ಪೋಕರ್ ಆಡುವವರನ್ನೇ ನಾನು ಕಂಡಿರಲಿಲ್ಲ, ಅದು ಬೇರೆ ಮಾತು.

ಕಲಿಸಿದ ಪಾಪ ನನ್ನದೇ. ಸಿಕಂದರಾಬಾದಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ನಾನು ಕಲಿತದ್ದು ಟೇಬಲ್ ಮ್ಯಾನರ್ಸ್, ಕ್ರೋಶಾ ಹೆಣಿಗೆ ಮತ್ತು ಪೋಕರ್. ಮೊದಲೆರಡನ್ನು ಸಿಸ್ಟರ್‌ಗಳು ಕಲಿಸಿದರು. ಮೂರನೆಯದನ್ನು ಅವರು ಪ್ರೇಯರ್‌ಗೆ ಹೋದಾಗ ರೂಮ್‌ಮೇಟ್ ಕಲಿಸಿದಳು. ಮದುವೆಯಾಗಿ ಬಂದ ಮೇಲೆ ಕೆಲಸಕ್ಕೆ ಬಂದದ್ದು ಅದೊಂದೇ.

ಆಟ ಸರಳ. ಕೈಗೆ ಐದು ಎಲೆ. ಬೇಡವಾದದ್ದನ್ನು ಒಗೆದು ಅಷ್ಟೇ ಹೊಸ ಎಲೆ ಎತ್ತಿಕೊಳ್ಳುವುದು. ಐದೂ ಆಟೀನೋ ಐದೂ ಇಸ್ಪೀಟೋ ಕೂಡಿದರೆ ಫ್ಲಶ್, ಅಂದರೆ ಜೋಡಿಗಳನ್ನೆಲ್ಲ ಹೊಡೆಯುವ ದೊಡ್ಡ ಆಟ. ನಮ್ಮ ಕಾಕಾಗೆ ಆ ಫ್ಲಶ್ಶಿನ ಹುಚ್ಚು. ನಾಲ್ಕು ಕೂಡಿಸಿಕೊಂಡು ಐದನೆಯದಕ್ಕೆ ಕಾಯುವರು. ಜೋಡಿ ರಾಜ ಬಂದಿದ್ದರೂ ಒಡೆದು ಒಗೆಯುವರು.

"ಕಾಕಾ, ಐದು ಸರ್ತಿಯೊಳಗ ಒಂದು ಸರ್ತಿನೂ ಬರಂಗಿಲ್ರಿ ಅದು. ಸಿಂಪಲ್ ಅರಿಥ್ಮೆಟಿಕ್."

"ನಿನ್ನ ಅರಿಥ್ಮೆಟಿಕ್ ಎಲಿಗಿ ಹ್ಯಾಂಗ ತಿಳೀಬೇಕು? ಅದೇನು ಕಾನ್ವೆಂಟಿಗಿ ಹೋಗ್ಯದೇನು?"

ಅವರು ಎಲೆ ಎತ್ತುವ ಮೊದಲೇ ನಾನು ಪಣದ ಹುಣಸೆಬೀಜ ಏರಿಸುತ್ತಿದ್ದೆ. ಕಾಯುವವನಿಗೆ ಕಾಯುವುದೇ ತುಟ್ಟಿಯಾಗಬೇಕು, ಅದು ನನ್ನ ರೂಮ್‌ಮೇಟ್ ಕಲಿಸಿದ ಪಾಠ. ಸರಿ, ಎಲೆ ಬಂದ ದಿನವಾದರೂ ಕಾಕಾ ನನ್ನಿಂದ ಡಬ್ಬಿ ತುಂಬ ಗೆಲ್ಲುತ್ತಿದ್ದರೇ? ಎಲ್ಲಿಂದ ಗೆಲ್ಲಬೇಕು? ಐದನೆಯದು ಬಂದ ಕೂಡಲೇ ಅವರ ದನಿಯಲ್ಲಿ ಬೆಲ್ಲ ಕರಗುತ್ತಿತ್ತು. "ಯವ್ವಾ, ಚಾ ಇಡ್ತೀಯೇನು?" ಅಷ್ಟು ಕೇಳಿದ್ದೇ, ನಾನು ಇನ್ನೊಂದು ಬೀಜವನ್ನೂ ಹಾಕದೆ ಆಟ ಬಿಟ್ಟು ಚಹಾ ಇಡಲು ಏಳುತ್ತಿದ್ದೆ. ಹತ್ತು ವರ್ಷವಾದರೂ ಅವರಿಗೆ ಇದು ಹೊಳೆಯಲಿಲ್ಲ.

ಅವರ ಮುಖ ನನಗೆ ತೆರೆದ ಪುಸ್ತಕ. ನನ್ನ ಮುಖವೋ ಸೆರಗಿನೊಳಗೆ. ಹಿರಿಯರ ಮುಂದೆ ಸೊಸೆ ತಲೆಯ ಮೇಲೆ ಸೆರಗು ಹೊದೆಯಬೇಕೆಂದು ಮದುವೆಯಾದ ಹೊಸದರಲ್ಲಿ ತಾಕೀತು ಮಾಡಿದವರು ಈ ಕಾಕಾನೇ.

"ಸೆರಗು ಒಂದೀಟು ಹಿಂದ ಸರಸು ಯವ್ವಾ, ನಿನ್ನ ಮಾರಿ ಕಾಣವಲ್ದು."

"ಹಿರ್ಯಾರ ಮುಂದ ಹ್ಯಾಂಗ ಸರಸ್ಲಿರಿ? ನೀವೇ ಹೇಳೀರಿ."

ಆಗ ಒಳಕೋಣೆಯಲ್ಲಿ ಮಾವನವರು ಕೆಮ್ಮುತ್ತಿದ್ದರು. ಅದು ಕೆಮ್ಮಲ್ಲ, ನಗು. ಆದರೆ ತಮ್ಮನ ಮಾತಿಗೆ ಬಾಯಿಬಿಟ್ಟು ನಗುವ ಹಾಗಿರಲಿಲ್ಲ. ಅಣ್ಣ ತಮ್ಮಂದಿರು ಮಾತು ಬಿಟ್ಟು ನಾನು ಆ ಮನೆಗೆ ಬರುವ ಹೊತ್ತಿಗೇ ಎಷ್ಟೋ ವರ್ಷವಾಗಿತ್ತು. ಕಾರಣ ಒಂದು ಸೈಕಲ್. ಕೇಳದೆ ಒಯ್ದ ಎಂದು ಅಣ್ಣ, ಕೇಳಿಯೇ ಒಯ್ದೆ ಎಂದು ತಮ್ಮ. ಆ ಸೈಕಲ್ಲನ್ನು ನಾನು ಕಣ್ಣಿಂದ ಕಂಡವಳಲ್ಲ. ರಾಜೇಶ್ವರ ಊರು ದಾಟಿ ಬಸ್ಸಿನಲ್ಲಿ ಧೂಳು ತಿಂದು ಅಷ್ಟು ದೂರ ಬರುವ ಕಾಕಾ, ಪಡಸಾಲೆಯಿಂದ ಒಳಕೋಣೆಗೆ ಎಂಟು ಹೆಜ್ಜೆ ಇಡುತ್ತಿರಲಿಲ್ಲ.

"ಅಂವಗ ಗುಳಗಿ ತಗೋ ಅಂತ ಹೇಳು."

"ನೀವೇ ಹೇಳ್ರಿ, ಅಲ್ಲೇ ಕುಂತಾರ."

"ಅಂವ ಮೊದಲ ಮಾತಾಡ್ಲಿ. ಆಮ್ಯಾಲ ನೋಡ್ತೀನಿ."

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಬೆಳಿಗ್ಗೆ ಮಾವನವರಿಗೆ ಸ್ಟ್ರೋಕ್ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಮೊದಲು ಮಾತಾಡಬೇಕಾದವರು ಇನ್ನು ಮಾತಾಡುವಂತೆಯೇ ಇರಲಿಲ್ಲ.

ಆ ರವಿವಾರ ಕಾಕಾ ಬಂದು ಸುಮ್ಮನೆ ಎಲೆ ಕಲಸುತ್ತ ಕೂತರು. ಕಣ್ಣು ಒಳಬಾಗಿಲ ಮೇಲೆ. ನಾನು ಹುಣಸೆಬೀಜದ ಡಬ್ಬಿ ಬದಿಗೆ ಸರಿಸಿದೆ.

"ಇವತ್ತು ಬೀಜ ಬ್ಯಾಡ್ರಿ. ಒಂದೇ ಆಟ. ನಾ ಗೆದ್ದರ ನೀವು ಒಳಗ ಹೋಗಿ ಅಣ್ಣಾ ಅಂತ ಕರೀಬೇಕು."

"ನಾ ಗೆದ್ದರ?"

"ಮತ್ತ ಎಂದೂ ಈ ಮಾತು ಎತ್ತಂಗಿಲ್ರಿ."

ಎಲೆಕಟ್ಟು ನನ್ನ ಕೈಗಿಟ್ಟು "ಹಾಕು" ಅಂದರು.

ನನಗೆ ಜೋಡಿ ರಾಜ, ಜೋಡಿ ಎಂಟು. ಒಂದು ಎಲೆ ಬದಲಿಸಿದೆ, ಉಪಯೋಗವಾಗಲಿಲ್ಲ. ಆದರೂ ಪರವಾಗಿಲ್ಲ, ಗೆಲ್ಲುವ ಆಟವೇ. ಕಾಕಾ ಎಂದಿನಂತೆ ಒಂದನ್ನು ಒಗೆದು ಒಂದನ್ನು ಎತ್ತಿಕೊಂಡರು. ನೋಡಿದರು.

"ಯವ್ವಾ, ಚಾ..." ಅಂದವರು ಅಲ್ಲಿಗೇ ತಡೆದರು.

ಬಂದುಬಿಟ್ಟಿತ್ತು ಐದನೆಯದು. ಬಾರದೆ ಇರಲೆಂದು ಬೇಡಿಕೊಂಡ ಒಂದೇ ದಿನ ಬಂದಿತ್ತು. ಸೆರಗಿನೊಳಗೆ ನನ್ನ ಕಣ್ಣು ತುಂಬಿದ್ದು ಅವರಿಗೆ ಕಾಣಲಿಲ್ಲ. ಅವರು ಐದೂ ಎಲೆಗಳನ್ನು ಬೋರಲು ಹಾಕಿ, ಅಂಗೈಯಿಂದ ಒಮ್ಮೆ ಒತ್ತಿದರು.

"ನಂದು ಏನೂ ಕೂಡ್ಲಿಲ್ಲ. ನೀ ಗೆದ್ದಿ" ಅಂದು, ಗೋಡೆ ಹಿಡಿದು ಎದ್ದು, ಒಳಗೆ ಹೋದರು.

ನಾನು ಎಲೆ ತಿರುವಿ ನೋಡಿದೆ. ಐದೂ ಆಟೀನು. ಒಳಗಿನಿಂದ "ಅಣ್ಣಾ" ಎಂದು ಒಂದೇ ಒಂದು ಸಲ ಕೇಳಿಸಿತು.

ಆಮೇಲೆ ನಾವು ಎಲೆ ಹಿಡಿಯಲಿಲ್ಲ. ರವಿವಾರ ಬಂದರೆ ಕಾಕಾ ಚಪ್ಪಲಿ ಬಿಟ್ಟು ನೇರ ಒಳಕೋಣೆಗೆ. ಹೋಗುವವರು ಮಾವನವರೇ ಮೊದಲು ಅಂತ ನಾವೆಲ್ಲ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆವು. ಆದರೆ ಹುಮನಾಬಾದಿನಲ್ಲಿ ಕಾಕಾ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ನಾನು ಅವರನ್ನು ಕಡೆಯ ಸಲ ನೋಡಿದ್ದು ಅದರ ಹಿಂದಿನ ರವಿವಾರ. ಮಂಚದ ಅಂಚಿಗೆ ಕೂತು, ಅಣ್ಣನ ಕೈ ತಮ್ಮ ತೊಡೆಯ ಮೇಲಿಟ್ಟುಕೊಂಡು, ಬ್ಲೇಡಿನಿಂದ ಉಗುರು ತೆಗೆಯುತ್ತಿದ್ದರು. ಬಸ್ಸಿನ ಹೊತ್ತಾಯಿತೆಂದು ನಾನು ಬಾಗಿಲಲ್ಲೇ ನಿಂತು ಹೇಳಿದೆ. ಅವರು ತಲೆ ಎತ್ತಲಿಲ್ಲ.

"ಎಡಗೈದು ಇನ್ನಾ ಉಳದದವ್ವಾ. ಮುಂದಿನ ಬಸ್ಸಿಗಿ ಹೋಗ್ತೀನಿ."