ತೆದೋರಿ ದಂಡೆಯ ಹಾಡಿಗೆ ಶಾಲು ಹೊದಿಸಿದವರಿಗೆ

ಮಾನ್ಯ ಕಾರ್ಯಾಧ್ಯಕ್ಷರಾದ ಶ್ರೀ ಬಾಲಸುಬ್ರಹ್ಮಣ್ಯ ಅವರೇ,

ವಾರವಿಡೀ ನಗೋಯಾದಲ್ಲಿ ಕಾರುಗಳ ಸಾಫ್ಟ್‌ವೇರ್ ತಿದ್ದಿ, ರಜೆಯ ದಿನಗಳಲ್ಲಿ ಜಪಾನಿನ ಕನ್ನಡಿಗರನ್ನು ತಿದ್ದುವ ತಮಗೆ, ನೋಮಿಯ ವಿಶ್ವವಿದ್ಯಾಲಯದಲ್ಲಿ ಗಾಜಿನ ಬಗ್ಗೆ ಸಂಶೋಧನೆ ಮಾಡಿಕೊಂಡಿರುವ ಹಂಸಾ ಎಂಬ ನಾನು ಇಲ್ಲಿಂದಲೇ ನಮಸ್ಕರಿಸುತ್ತೇನೆ. ಈ ದೇಶದ ಪದ್ಧತಿಯಂತೆ ಸೊಂಟ ಬಗ್ಗಿಸಿಯೇ ನಮಸ್ಕರಿಸಿದ್ದೇನೆ; ಹಾಗೇ ಬಹಳ ಹೊತ್ತು ಇರಲಾಗದ ಕಾರಣ ವಿಷಯಕ್ಕೆ ಬರುತ್ತೇನೆ.

ತಾವು ಕಾರ್ಯಾಧ್ಯಕ್ಷರಾಗಿ ಕೈ ಹಾಕುವ ಮೊದಲು ನಮ್ಮ ಹಾಡಿನ ಕೂಟ ಎಷ್ಟು ಹಿಂದುಳಿದಿತ್ತೆಂಬುದು ಮುಂದಿನವರಿಗೆ ತಿಳಿದಿರಲಿ. ನಮ್ಮ ಪ್ರಯೋಗಾಲಯದ ಹಿರಿಯರಾದ ಅರ್ಕಾದಿ ಸಾನ್ (ನಮ್ಮ 'ಅವರು' ಇಲ್ಲಿ 'ಸಾನ್') ರಷ್ಯಾದವರು. ಹರೆಯದಲ್ಲಿ ಅವರು ವೋಲ್ಗಾ ನದಿಯ ದಡಕ್ಕೆ ಡೇರೆ ಹೊತ್ತುಕೊಂಡು ಹೋಗಿ, ತಾವೇ ಕಟ್ಟಿದ ಹಾಡನ್ನು ಗಿಟಾರ್ ಹಿಡಿದು ತಾವೇ ಹಾಡುವವರ ಬಯಲು ಮೇಳಗಳಲ್ಲಿ ಬೇಸಿಗೆ ಕಳೆಯುತ್ತಿದ್ದರಂತೆ. ಇಲ್ಲಿಗೆ ಬಂದ ಮೇಲೆ ಅದೇ ಹುಚ್ಚನ್ನು ತೆದೋರಿ ನದಿಯ ದಂಡೆಯ ಪಾರ್ಕಿನಲ್ಲಿ ಹಚ್ಚಿದರು. ಮೊದಲ ವರ್ಷ ಅವರೊಬ್ಬರು, ಅವರ ಡೇರೆ, ಮತ್ತು ಏನಿದು ಗದ್ದಲವೆಂದು ನೋಡಲು ಬಂದು ಅಲ್ಲೇ ಕುಳಿತ ತರಕಾರಿ ಬೆಳೆಗಾರ ಸಾಯ್ತೋ ಸಾನ್. ಆಮೇಲೆ ನಾವು ವಿದ್ಯಾರ್ಥಿಗಳು ಸೇರಿಕೊಂಡೆವು.

ವೇದಿಕೆ ಇರಲಿಲ್ಲ. ಹುಲ್ಲಿನ ಮೇಲೆ ಸುತ್ತ ಕೂರುವುದು, ಗಿಟಾರ್ ಕೈಯಿಂದ ಕೈಗೆ ಬಂದಾಗ ಸ್ವಂತ ಹಾಡೊಂದನ್ನು ಹಾಡುವುದು, ನುಡಿಸಲು ಬಾರದವರಿಗೆ ಅರ್ಕಾದಿ ಸಾನ್ ನುಡಿಸುವುದು, ಮುಗಿದ ಮೇಲೆ ಅರ್ಥವನ್ನು ಎಲ್ಲರಿಗೂ ತಿಳಿಸಿ ಹೇಳುವುದು, ಅಷ್ಟೇ ಪದ್ಧತಿ. ಸಾಯ್ತೋ ಸಾನ್ ತಮ್ಮ ಮೂಲಂಗಿ ತಿಂದ ಕಾಡುಹಂದಿಯ ಮೇಲೆ ಹಾಡಿದರು. ನಾನು, ಪಿಎಚ್‌ಡಿ ಯಾವಾಗ ಮುಗಿಯುತ್ತದೆಂದು ಫೋನಿನಲ್ಲಿ ವಿಚಾರಿಸುವ ಸೋದರತ್ತೆಯ ಮೇಲೆ, ಶ್ರುತಿ ಎಲ್ಲೋ ತಾಳ ಎಲ್ಲೋ ಎಂಬಂತೆ ಹಾಡಿದೆ. ಯಾರೂ ನಗಲಿಲ್ಲ, ಅರ್ಥ ಹೇಳಿದ ಮೇಲೆ ಎಲ್ಲರೂ ನಕ್ಕರು. ಈ ದೇಶಕ್ಕೆ ಬಂದ ಮೇಲೆ ಅಷ್ಟು ಸಂತೋಷ ನನಗೆ ಬೇರೆಲ್ಲೂ ಆಗಿಲ್ಲ.

ಇಂಥ ಶೋಚನೀಯ ಸ್ಥಿತಿಯಲ್ಲಿ ತಾವು ಸಕುಟುಂಬ ಆಗಮಿಸಿ, "ಎಂಥಾ ಒಳ್ಳೇ ಪ್ರೋಗ್ರಾಮ್ ಹಂಸಾ ಅವ್ರೇ, ಆದ್ರೆ ಒಂದು ಸ್ಟ್ರಕ್ಚರೇ ಇಲ್ವಲ್ರೀ!" ಎಂದು ಮರುಗಿದಿರಿ. ಮರುವರ್ಷವೇ ಬ್ಯಾನರ್ ಬಂತು, ಅದರ ಹಿಂದೆ ವೇದಿಕೆ, ಅದರ ಮುಂದೆ ಕುರ್ಚಿಗಳು, ಮತ್ತು ಕುರ್ಚಿಗಳು ತುಂಬಬೇಕಲ್ಲ ಎಂದು ಮುಖ್ಯ ಅತಿಥಿಗಳು. ನದಿಯ ಗಾಳಿಗೆ ದೀಪ ಹತ್ತದಿದ್ದಾಗ ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಗೆ ಓಡಿ ಟಾರ್ಚ್ ತಂದು, ಅದರ ಗುಂಡಿಯನ್ನು ಐವರು ಗಣ್ಯರ ಕೈಯಲ್ಲಿ ಒಟ್ಟಿಗೆ ಒತ್ತಿಸಿ ಉದ್ಘಾಟನೆ ನೆರವೇರಿಸಿದ ತಮ್ಮ ಸಮಯಪ್ರಜ್ಞೆಯನ್ನು ಎಷ್ಟು ಹೊಗಳಿದರೂ ಸಾಲದು. ಮೂಲಂಗಿಯ ಹಾಡು ಯಾವ ರಾಗದಲ್ಲಿದೆ ಎಂದು ತಾವು ಮೈಕಿನಲ್ಲಿ ಕೇಳಿದಾಗ ಸಾಯ್ತೋ ಸಾನ್ "ಸುಮಿಮಾಸೆನ್" ಎಂದು ಕ್ಷಮೆ ಕೇಳಿ, ಬಾಗಿ ಕೆಳಗಿಳಿದವರು ಮತ್ತೆ ಬರಲಿಲ್ಲ. ಶಿಸ್ತು ಬಂದಾಗ ಇಂಥ ಸಣ್ಣಪುಟ್ಟ ನಷ್ಟ ಸಹಜ.

ಈ ವರ್ಷ ಅರ್ಕಾದಿ ಸಾನ್ ನಿವೃತ್ತರಾಗಿ ಮಗಳ ಊರಿಗೆ ಹೊರಟಿದ್ದರು. ಹೊರಡುವ ಮುನ್ನ ಇಲ್ಲಿ ಹಾಡಲೆಂದು ಚಳಿಗಾಲವೆಲ್ಲ ಕೂತು ಒಂದು ಹಾಡು ಕಟ್ಟಿದ್ದರು. ಪ್ರಯೋಗಾಲಯದಲ್ಲಿ ಕುಲುಮೆ ಕಾಯುವಾಗ ಅದನ್ನು ಗುನುಗುತ್ತಿದ್ದರು. ನಾನು ಹತ್ತಿರ ಹೋದರೆ ನಿಲ್ಲಿಸಿ, ನದಿಯ ಬಳಿ ಕೇಳುವಿಯಂತೆ ಎನ್ನುತ್ತಿದ್ದರು. ತಾವಾದರೋ ಅವರನ್ನು ವೇದಿಕೆಗೆ ಕರೆದು ಪೇಟ ತೊಡಿಸಿದಿರಿ, ಶಾಲು ಹೊದಿಸಿದಿರಿ, ಎರಡೂ ಕೈಗೆ ಹಣ್ಣಿನ ಬುಟ್ಟಿ ಕೊಟ್ಟಿರಿ. ಪ್ರಾರ್ಥನೆ, ಸ್ವಾಗತ, ಅತಿಥಿಗಳ ಪರಿಚಯ, ಅತಿಥಿಗಳ ಭಾಷಣ, ಭಾಷಣದ ಬಗ್ಗೆ ಅಧ್ಯಕ್ಷರ ಭಾಷಣ ಮುಗಿದು, ಕೊನೆಗೆ ಅವರು ಬುಟ್ಟಿ ಕೆಳಗಿಟ್ಟು ಗಿಟಾರ್ ಎತ್ತಿಕೊಳ್ಳುವಷ್ಟರಲ್ಲಿ ಪಾರ್ಕ್ ಮುಚ್ಚುವ ಹೊತ್ತಾಯಿತು. ವಂದನಾರ್ಪಣೆ ಬಾಕಿ ಇತ್ತು. ತಾವು ಮೈಕನ್ನು ಮೆಲ್ಲನೆ ತಮ್ಮ ಕಡೆ ತಿರುಗಿಸಿಕೊಂಡು, "ಟೈಮ್ ಆಗೋಯ್ತು ಅರ್ಕಾದಿ ಸಾನ್, ನೆಕ್ಸ್ಟ್ ಇಯರ್ ಫುಲ್ ಒಂದ್ ಗಂಟೆ ನಿಮ್ಗೇ" ಎಂದು ಅಪ್ಪಣೆ ಕೊಡಿಸಿದಿರಿ.

ಅವರು ತಲೆಯಾಡಿಸಿ, ಪೇಟದಲ್ಲೇ ನಿಂತು ಕುರ್ಚಿ ಮಡಿಸಲು ನೆರವಾದರು. ವಾಹನಗಳ ಬಳಿ ನಾನು ಕೈಮುಗಿದು ಕೇಳಿಕೊಂಡೆ, ಇಲ್ಲೇ ಒಮ್ಮೆ ಹಾಡಿಬಿಡಿ ಎಂದು. ಅದು ಎಲ್ಲರೂ ಸುತ್ತ ಕೂತಾಗ ಹಾಡುವ ಹಾಡು ಹಂಸಾ, ಎಂದರು. ಮೂರನೇ ದಿನ ವಿಮಾನ ಹತ್ತಿದರು. ಆ ಹಾಡಿನ ಒಂದು ಸಾಲೂ ನಮಗೆ ಯಾರಿಗೂ ಗೊತ್ತಿಲ್ಲ. ನನಗೆ ತಮ್ಮ ಮೇಲೆ ಸಿಟ್ಟಿದೆ, ಮಾನ್ಯರೇ. ಮೈಕಿನ ವೈರು ಕೀಳದೆ ಕುಳಿತಿದ್ದ ನನ್ನ ಮೇಲೂ ಇದೆ.

ಆದ್ದರಿಂದ ವಿನಂತಿಸುವುದೇನೆಂದರೆ, ಮುಂದಿನ ವರ್ಷದಿಂದ ಹಾಡುಗಳನ್ನೂ ಸಂಪೂರ್ಣ ಕೈಬಿಟ್ಟು ಕಾರ್ಯಕ್ರಮವನ್ನು ಇನ್ನಷ್ಟು ಅಚ್ಚುಕಟ್ಟುಗೊಳಿಸಬೇಕು; ಭಾಷಣಗಳಿಗೆ ಅಡ್ಡ ಬರುವ ದಂಡೆಯ ಕಾಗೆಗಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಸನ್ಮಾನಿಸಬೇಕು; ಮೌನಕ್ಕೂ ಒಂದು ಉಪಸಮಿತಿ ರಚಿಸಿ ತಾವೇ ಅದರ ಸಂಚಾಲಕರಾಗಬೇಕು; ಮತ್ತು ಸಾಧ್ಯವಾದರೆ ಆ ಒಂದು ಸಂಜೆಯನ್ನು ನದಿಯಿಂದ ವಾಪಸು ತರಿಸಿಕೊಡಬೇಕು.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆಗಿರಲು ಪ್ರಯತ್ನಿಸುತ್ತಿರುವ,
ಹಂಸಾ
ನೋಮಿ

ತಾ.ಕ.: ಅರ್ಕಾದಿ ಸಾನ್ ಸಂದೇಶ ಕಳಿಸಿದ್ದಾರೆ. ಶಾಲು ಬೆಚ್ಚಗಿದೆಯಂತೆ. ಕೊನೆಯಲ್ಲಿ ತಾವು ಒಬ್ಬರೇ ನಿಂತು ಕನ್ನಡದಲ್ಲಿ ಅಷ್ಟು ಹೊತ್ತು ಹೇಳಿದ್ದು ತಮ್ಮ ಸ್ವಂತ ಹಾಡೇ ಇರಬೇಕೆಂದು ಭಾವಿಸಿ, ಪದ್ಧತಿಯಂತೆ ಅದರ ಅರ್ಥ ಕೇಳಿದ್ದಾರೆ. ವಿಡಿಯೊ ಹಾಕಿಕೊಂಡು ವಂದನಾರ್ಪಣೆಯನ್ನು ಅನುವಾದಿಸಲು ಕೂತಿದ್ದೇನೆ: ಕುರ್ಚಿಯವರು, ಬ್ಯಾನರಿನವರು, ಪುಳಿಯೋಗರೆ ಮಾಡಿದವರು, ಮಳೆ ಸುರಿಸದ ವರುಣದೇವ, ಎಲ್ಲರೂ ಸಿಕ್ಕಿದರು. ಅರ್ಕಾದಿ ಸಾನ್ ಹೆಸರು ಎಲ್ಲಿ ಬರುತ್ತದೆಂದು ದಯವಿಟ್ಟು ತಿಳಿಸಿದರೆ ಆ ಭಾಗವನ್ನು ಮೊದಲು ಕಳಿಸುತ್ತೇನೆ.